ಅಮ್ಮನನ್ನು ಬಿಟ್ಟು ಹೊರದೇಶಕ್ಕೆ ಸೇವೆಗೆ ಹೋಗಬಹುದಾ?

ಹಿರಿಮಗ:

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಸಮಯ ಮಾಡಿಕೊಂಡು ಓದಿ, ಅನಿಸಿದ್ದನ್ನು ನೇರವಾಗಿ ಹೇಳಿ.

ನನಗೆ 38 ವರ್ಷ. ಮಗಳಿಗೆ 11, ಮಗನಿಗೆ 6. ಥಿಯಾಲಜಿ ಓದಿ, ಒಂಬತ್ತು ವರ್ಷದಿಂದ ನಮ್ಮ ಸಭೆಯಲ್ಲಿ ಕಲಿಸುವ ಸೇವೆ ಮಾಡುತ್ತಿದ್ದೇನೆ. ಹೊರದೇಶದಲ್ಲಿ ಹಳ್ಳಿಗಳ ಪಾಸ್ಟರ್‌ಗಳಿಗೆ ಬೈಬಲ್ ಕಲಿಸುವ ಒಂದು ಚಿಕ್ಕ ಶಾಲೆಯಿಂದ ಕರೆ ಬಂದಿದೆ. ಮೂರು ವರ್ಷದ ಒಪ್ಪಂದ. ಅಲ್ಲಿ ಕಲಿಸುತ್ತಿದ್ದ ಹಿರಿಯರು ನಿವೃತ್ತರಾಗುತ್ತಿದ್ದಾರೆ, ಅವರ ಜಾಗಕ್ಕೆ ಬೇರೆ ಯಾರೂ ಸಿಕ್ಕಿಲ್ಲ. ನಾನೂ ನನ್ನ ಹೆಂಡತಿಯೂ ಕಾಲೇಜಿನ ದಿನಗಳಿಂದ ಇಂಥ ಸೇವೆಗೇ ಪ್ರಾರ್ಥನೆ ಮಾಡುತ್ತಾ ಬಂದವರು. ಆ ಪತ್ರ ಓದಿದಾಗ ಇಬ್ಬರೂ ಅತ್ತುಬಿಟ್ಟೆವು.

ಆದರೆ ಅಮ್ಮನಿಗೆ 71. ಆರು ವರ್ಷದಿಂದ ಪಾರ್ಕಿನ್ಸನ್, ಕೈ ನಡುಗಿಸಿ ಮೈ ಬಿಗಿಯುವ ನರರೋಗ. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯಿತು, ಆಗಿನಿಂದ ಅಮ್ಮ ನಮ್ಮ ಜೊತೆಗೇ ಇದ್ದಾರೆ. ತಂಗಿಯ ಮನೆಗೆ ಇಲ್ಲಿಂದ ಎರಡು ಗಂಟೆ ದಾರಿ. ಅವಳಿಗೆ ಕೆಲಸವಿದೆ, ಕೈಗೂಸಿದೆ.

ಅಮ್ಮನಿಗೆ ವಿಷಯ ಹೇಳಿದೆ. "ಹೋಗು ಮಗನೇ, ನಿನ್ನನ್ನು ದೇವರಿಗೆ ಕೊಟ್ಟಾಗಿದೆ, ನನ್ನನ್ನು ಅವನೇ ನೋಡಿಕೊಳ್ಳುತ್ತಾನೆ" ಅಂದರು. ಮನಸ್ಸು ಹಗುರವಾಯಿತು. ಮರುದಿನ ಬೆಳಿಗ್ಗೆ ಅವರ ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಮಂಚದ ತುದಿಯಲ್ಲಿ ಕೂತು ಸ್ವೆಟರ್ ಗುಂಡಿ ಹಾಕಿಕೊಳ್ಳುತ್ತಿದ್ದರು. ಬೆರಳು ಗುಂಡಿಯ ತನಕ ಹೋಗುತ್ತದೆ, ಜಾರುತ್ತದೆ. ಮತ್ತೆ ಹೋಗುತ್ತದೆ, ಜಾರುತ್ತದೆ. ದಿನಾ ನನ್ನನ್ನೋ ನನ್ನ ಹೆಂಡತಿಯನ್ನೋ ಕೂಗುತ್ತಿದ್ದವರು ಅವತ್ತು ಕೂಗಲಿಲ್ಲ. ನಾನಿಲ್ಲದೆ ಬದುಕೋದನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ ಅನ್ನಿಸಿತು. ಅಂದಿನಿಂದ ನಿದ್ದೆ ಬರುತ್ತಿಲ್ಲ.

ಮೂರು ತಿಂಗಳೊಳಗೆ ಉತ್ತರ ಕೊಡಬೇಕು. ಹೋದರೆ ತಂದೆತಾಯಿಯನ್ನು ಸನ್ಮಾನಿಸು ಅನ್ನುವ ಐದನೆಯ ಆಜ್ಞೆ ಮೀರಿದ ಹಾಗಾ? ಹೋಗದಿದ್ದರೆ ಕರೆಯನ್ನು ತಳ್ಳಿಬಿಟ್ಟ ಹಾಗಾ? ಇದೇ ದಾರಿಯಲ್ಲಿ ನಡೆದವರು ಹೇಳಿ.

ಹೊರಗೆಹನ್ನೆರಡುವರ್ಷ:

ಬ್ರದರ್, ನಾನು ಹೆಂಡತಿ ಮಕ್ಕಳೊಂದಿಗೆ 12 ವರ್ಷ ಹೊರದೇಶದಲ್ಲಿ ಸೇವೆ ಮಾಡಿ ವಾಪಸ್ ಬಂದವನು. ಅಲ್ಲಿ ಇದ್ದಾಗಲೇ ಅಪ್ಪ ತೀರಿಕೊಂಡರು. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದೆ. ಪೆಟ್ಟಿಗೆ ಇಳಿಸುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಅದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಹೋಗುವವರು ಇಂಥ ದಿನವನ್ನು ಮೊದಲೇ ಮನಸ್ಸಿನಲ್ಲಿ ಒಮ್ಮೆ ನೋಡಿಕೊಂಡು ಹೋಗಬೇಕು. ನಾನು ನೋಡಿಕೊಂಡಿರಲಿಲ್ಲ.

ಆದರೂ ಹೋಗಬೇಡ ಅನ್ನುವುದಿಲ್ಲ. ಆ 12 ವರ್ಷದಲ್ಲಿ ದೇವರು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮಾರ್ಕ 1:20 ಓದಿ. ಯಾಕೋಬ, ಯೋಹಾನರು ತಂದೆ ಜೆಬೆದಾಯನನ್ನು ದೋಣಿಯಲ್ಲಿ ಬಿಟ್ಟು ಯೇಸುವಿನ ಹಿಂದೆ ಹೋದರು ಅಂತ ಎಲ್ಲರೂ ಬೋಧಿಸುತ್ತಾರೆ. ಅದೇ ವಚನದಲ್ಲಿ ಇನ್ನೊಂದು ಮಾತಿದೆ: ಕೂಲಿಯಾಳುಗಳ ಜೊತೆಗೆ ಬಿಟ್ಟರು. ಮುದುಕ ಒಬ್ಬನೇ ಬಲೆ ಎಳೆಯುತ್ತಾ ಕೂರಲಿಲ್ಲ, ಜೊತೆಗೆ ಕೈಗಳಿದ್ದವು. ನಿಮ್ಮ ಅಮ್ಮನ ದೋಣಿಯಲ್ಲಿ ಯಾರಿದ್ದಾರೆ? ಇದಕ್ಕೆ ಹೆಸರು ಹಿಡಿದು ಉತ್ತರ ಕೊಡೋಕೆ ಆಗುವ ತನಕ ಟಿಕೆಟ್ ಮಾಡಿಸಬೇಡಿ.

ಕೆಲವು ಮಾತು ಬರವಣಿಗೆಯಲ್ಲೇ ಇರಲಿ. ಅಮ್ಮನಿಗೆ ಜಾಸ್ತಿಯಾದರೆ ಎಷ್ಟು ದಿನ ಬರಬಹುದು, ಆ ಟಿಕೆಟ್ ಹಣ ಯಾರದು, ಒಪ್ಪಂದದ ಮಧ್ಯೆ ವಾಪಸ್ ಬರಬೇಕಾದರೆ ಏನು ಗತಿ, ಎಲ್ಲ. ನನ್ನನ್ನು ಕಳಿಸಿದ ಸಂಸ್ಥೆಯವರು ಬಾಯಿಮಾತಿನಲ್ಲಿ "ಅದೆಲ್ಲ ನೋಡಿಕೊಳ್ಳೋಣ" ಅಂದಿದ್ದರು. ಸಮಯ ಬಂದಾಗ ರಜೆಗೆ ಮೂರು ಜನರ ಸಹಿ ಬೇಕಾಯಿತು. ಅಷ್ಟರಲ್ಲಿ ಅಪ್ಪ ಹೋಗಿದ್ದರು. ಒಂದು ಬಾರಿ ಬಂದು ಹೋಗುವಷ್ಟು ಹಣವನ್ನು ಬೇರೆ ಖಾತೆಯಲ್ಲಿಡಿ. ಎಷ್ಟೇ ಕಷ್ಟ ಬಂದರೂ ಅದನ್ನು ಮುಟ್ಟಬೇಡಿ.

ಯುವಸಾಕ್ಷಿ:

ಬ್ರದರ್, ಸತ್ತವರೇ ತಮ್ಮ ಸತ್ತವರನ್ನು ಹೂಣಿಡಲಿ ಅಂದದ್ದು ಯೇಸುವೇ ಅಲ್ವಾ? ನೇಗಿಲ ಮೇಲೆ ಕೈಯಿಟ್ಟು ಹಿಂದಕ್ಕೆ ನೋಡುವವನು ತಕ್ಕವನಲ್ಲ (ಲೂಕ 9). ತಂದೆತಾಯಿಯನ್ನು ನನಗಿಂತ ಹೆಚ್ಚು ಪ್ರೀತಿಸುವವನು ನನಗೆ ಯೋಗ್ಯನಲ್ಲ (ಮತ್ತಾಯ 10:37). ನಾವು ಲೆಕ್ಕ ಹಾಕುತ್ತಾ ಕೂತರೆ ಯಾರೂ ಹೋಗುವುದಿಲ್ಲ. ಅಮ್ಮನೇ ಹೋಗು ಅಂದಿದ್ದಾರೆ. ನಂಬಿಕೆಯಿಂದ ಹೆಜ್ಜೆ ಇಡಿ.

ಉಳಿದವಳು:

ಯುವಸಾಕ್ಷಿ ತಮ್ಮನಿಗೆ ನನ್ನ ಮೇಲೆ ಬೇಜಾರಾಗದಿರಲಿ. ಹೋದವರ ಸಾಕ್ಷಿ ಎಲ್ಲ ಸಭೆಯಲ್ಲೂ ಕೇಳುತ್ತೇವೆ. ಮನೆಯಲ್ಲಿ ಉಳಿದವಳ ಮಾತು ಯಾರೂ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣ ಸೇವೆಗೆ ಹೋದ ಭಾನುವಾರ ಸಭೆಯೆಲ್ಲ ಎದ್ದು ನಿಂತು ಕೈ ಚಾಚಿ ಪ್ರಾರ್ಥನೆ ಮಾಡಿತು. ನಾನೂ ಕೈ ಚಾಚಿದ್ದೆ. ಮನೆಗೆ ಬಂದ ಮೇಲೆ ಅಮ್ಮನ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ತೆರೆದಿಟ್ಟೆ. ಏಳು ದಿನ, ದಿನಕ್ಕೆ ನಾಲ್ಕು ಮನೆ. ಒಟ್ಟು 28. ಅಲ್ಲಿಂದ ಎಂಟು ವರ್ಷ ಪ್ರತಿ ಭಾನುವಾರ ಸಂಜೆ ಆ 28 ಮನೆ ತುಂಬಿಸಿದ್ದೇನೆ. ನನಗಾಗಿ ಯಾರೂ ಕೈ ಚಾಚಿ ಪ್ರಾರ್ಥಿಸಲಿಲ್ಲ. ಬಂದ ಸಂಬಂಧ ಎರಡು ಬಿಟ್ಟೆ. ಊರು ಬದಲಿಸಬೇಕು ಅನ್ನುವ ಕಾರಣಕ್ಕೆ ಕೆಲಸದಲ್ಲಿ ಬಡ್ತಿ ಬೇಡ ಅಂದೆ. ಅಣ್ಣ ಕೆಟ್ಟವನಲ್ಲ. ತಿಂಗಳು ತಿಂಗಳು ಹಣ ಕಳಿಸುತ್ತಿದ್ದ. ವಾರಕ್ಕೆರಡು ಸಲ ವಿಡಿಯೋ ಕರೆ ಮಾಡುತ್ತಿದ್ದ.

ಆ ಕರೆಯ ಬಗ್ಗೆ ಒಂದು ಮಾತು. ಅಣ್ಣ ಕರೆ ಮಾಡುವ ಹೊತ್ತಿಗೆ ಅಮ್ಮ ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ ನೆಟ್ಟಗೆ ಕೂತು, ನಗುತ್ತಾ ಮಾತಾಡುತ್ತಿದ್ದರು. ಹತ್ತು ನಿಮಿಷ. ಫೋನ್ ಇಟ್ಟ ಮೇಲೆ ಸುಸ್ತಾಗಿ ಸಂಜೆಯ ತನಕ ಮಲಗುತ್ತಿದ್ದರು. "ಅಮ್ಮ ಚೆನ್ನಾಗಿದ್ದಾರೆ ಅಲ್ವಾ" ಅಂತ ಅಣ್ಣ ನನಗೆ ಸಂದೇಶ ಕಳಿಸುತ್ತಿದ್ದ. ಅವನು ಕಂಡದ್ದು ಆ ಹತ್ತು ನಿಮಿಷ ಮಾತ್ರ. ಉಳಿದ 23 ಗಂಟೆ 50 ನಿಮಿಷ ನನ್ನದು.

ಮಾರ್ಕ 7ನೇ ಅಧ್ಯಾಯದಲ್ಲಿ ಯೇಸು ಕೊರ್ಬಾನ್ ಬಗ್ಗೆ ಹೇಳುತ್ತಾನೆ. ನನ್ನಿಂದ ನಿಮಗೆ ಸಿಗಬೇಕಾಗಿದ್ದದ್ದು ದೇವರಿಗೆ ಕಾಣಿಕೆಯಾಯಿತು ಅಂತ ತಂದೆತಾಯಿಗೆ ಹೇಳಿ, ಅವರಿಗೆ ಏನೂ ಮಾಡದೆ ಇದ್ದವರ ಮೇಲೆ ಅವನು ಸಿಟ್ಟಾಗುತ್ತಾನೆ. ಬೇರೆಯವರ ಪಾಲನ್ನು ಎತ್ತಿ ದೇವರಿಗೆ ಕೊಡೋಕೆ ನಮಗೆ ಹಕ್ಕಿಲ್ಲ. ಹಿರಿಮಗ ಅಣ್ಣ, ನಿಮ್ಮ ಮೂರು ವರ್ಷವನ್ನು ನೀವು ದೇವರಿಗೆ ಕೊಡಬಹುದು, ನಿಮ್ಮ ತಂಗಿಯ ಮೂರು ವರ್ಷವನ್ನು ನೀವು ಕೊಡೋಕಾಗಲ್ಲ. ಅವಳೇ ಕೊಡಬೇಕು. ನಿಮ್ಮ ಪತ್ರದಲ್ಲಿ ಅಮ್ಮ ಏನಂದರು ಅಂತ ಇದೆ. ತಂಗಿಗೆ ಕೆಲಸವಿದೆ, ಕೂಸಿದೆ ಅಂತ ಇದೆ. ತಂಗಿ ಏನಂದಳು ಅಂತ ಇಲ್ಲ. ಅವಳನ್ನು ಕೇಳಿದ್ದೀರಾ?

ಹಿರಿಮಗ:

ಕೇಳಿಲ್ಲ ಅಕ್ಕ. ಫೋನಿನಲ್ಲಿ ಹೇಳಿದ್ದೆ ಅಷ್ಟೇ. "ಸರಿ ಅಣ್ಣ, ಪ್ರಾರ್ಥನೆ ಮಾಡ್ತೀನಿ" ಅಂದಳು. ಅದನ್ನೇ ಒಪ್ಪಿಗೆ ಅಂದುಕೊಂಡೆ. ನಿಮ್ಮ ಮಾತು ಓದಿ ಎದೆ ಭಾರವಾಯಿತು. ಈ ಶನಿವಾರ ಅವಳ ಮನೆಗೆ ಹೋಗುತ್ತೇನೆ.

ದಾದಿ:

ನಾನು ನರರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡುವವಳು. ವಚನಗಳ ಬಗ್ಗೆ ಬಲ್ಲವರು ಹೇಳುತ್ತಾರೆ. ನಾನು ಕಾಯಿಲೆಯ ಬಗ್ಗೆ ಮಾತ್ರ ಹೇಳುತ್ತೇನೆ.

ಪಾರ್ಕಿನ್ಸನ್ ಇದ್ದ ಹಾಗೇ ಇರುವ ಕಾಯಿಲೆಯಲ್ಲ, ನಿಧಾನವಾಗಿ ಮುಂದುವರಿಯುತ್ತದೆ. ಒಬ್ಬೊಬ್ಬರಲ್ಲಿ ಒಂದೊಂದು ವೇಗ. ಹಾಗಾಗಿ ಇವತ್ತಿನ ಅಮ್ಮನನ್ನು ನೋಡಿ ಮೂರು ವರ್ಷದ ಏರ್ಪಾಡು ಮಾಡಬೇಡಿ. ಇವತ್ತು ಗುಂಡಿ ಹಾಕೋದು ಕಷ್ಟ. ಮುಂದೆ ರಾತ್ರಿ ಮಗ್ಗುಲಾಗೋದು ಕಷ್ಟವಾಗಬಹುದು, ನುಂಗೋದು ಕಷ್ಟವಾಗಬಹುದು, ನಡೆಯುವಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡಬಹುದು. ಕೆಲವರಿಗೆ ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ನೋಡಿಕೊಳ್ಳುವವರಿಗೆ ಇದೆಲ್ಲ ಮೊದಲೇ ಗೊತ್ತಿದ್ದರೆ ಹೆದರುವುದಿಲ್ಲ.

ಈ ಕಾಯಿಲೆಗೆ ಕೊಡುವ ಮುಖ್ಯ ಮಾತ್ರೆ ಲೆವೊಡೋಪಾ ತೆಗೆದುಕೊಳ್ಳುತ್ತಿದ್ದರೆ ಹೊತ್ತು ತಪ್ಪಬಾರದು. ಅರ್ಧ ಗಂಟೆ ತಡವಾದರೂ ಕೆಲವರು ಮರಗಟ್ಟಿ ಹೋಗುತ್ತಾರೆ. ಪ್ರೋಟೀನ್ ಜಾಸ್ತಿ ಇರುವ ಊಟದ ಜೊತೆ ಕೊಟ್ಟರೆ ಸರಿಯಾಗಿ ಹತ್ತುವುದಿಲ್ಲ, ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡೋದು ಒಳ್ಳೆಯದು. ಮಾತ್ರೆಯನ್ನು ಯಾವ ಕಾರಣಕ್ಕೂ ಒಮ್ಮೆಲೇ ನಿಲ್ಲಿಸಬಾರದು, ಜೀವಕ್ಕೇ ಅಪಾಯ. ಇನ್ನೊಂದು, ವಾಂತಿಗೆ ಸಾಮಾನ್ಯವಾಗಿ ಕೊಡುವ ಮೆಟೊಕ್ಲೋಪ್ರಮೈಡ್ ಇವರಿಗೆ ಆಗಿಬರುವುದಿಲ್ಲ, ಕಾಯಿಲೆಯ ಲಕ್ಷಣಗಳು ಜಾಸ್ತಿಯಾಗುತ್ತವೆ. ಅಮ್ಮ ಯಾವುದೇ ಆಸ್ಪತ್ರೆಗೆ ಹೋದರೂ ಇದನ್ನು ಹೇಳುವವರು ಒಬ್ಬರು ಜೊತೆಗಿರಬೇಕು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಬರೆಯುತ್ತಾ ಹೋದಾಗ ನಿಮ್ಮ ಹೆಂಡತಿ ದಿನಾ ಏನೇನು ಮಾಡುತ್ತಿದ್ದಾರೆ ಅಂತಲೂ ನಿಮಗೆ ಗೊತ್ತಾಗುತ್ತದೆ. ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ಚಿಕಿತ್ಸೆಯ ನಿರ್ಧಾರ ಯಾರು ಮಾಡಬೇಕು ಅನ್ನುವುದನ್ನೂ ಅಮ್ಮನ ಬುದ್ಧಿ ಚುರುಕಾಗಿರುವಾಗಲೇ ಅವರ ಬಾಯಿಂದಲೇ ಕೇಳಿ, ಕಾನೂನಿನ ಪ್ರಕಾರ ಬರೆಸಿಡಿ. ನೀವು ಬೇರೆ ದೇಶದಲ್ಲಿ ನಿದ್ದೆಯಲ್ಲಿರುವಾಗ ಇಲ್ಲಿ ಡಾಕ್ಟರ್ ಸಹಿ ಕೇಳಬಹುದು.

ಸಭೆಹಿರಿಯ:

ಯುವಸಾಕ್ಷಿ ತಮ್ಮ ಎತ್ತಿದ ವಚನಗಳನ್ನು ತಳ್ಳಿಹಾಕುವಂತಿಲ್ಲ. ಯೇಸುವೇ ಹೇಳಿದ ಮಾತು, ಅದರ ಮೊನೆಯನ್ನು ನಾವು ಮೊಂಡು ಮಾಡಬಾರದು. ಆದರೆ ಅದೇ ಯೇಸು ಶಿಲುಬೆಯ ಮೇಲೆ ನೇತಾಡುತ್ತಾ ತಾಯಿಯನ್ನು ಒಬ್ಬ ಶಿಷ್ಯನ ಕೈಗೆ ಒಪ್ಪಿಸಿದ (ಯೋಹಾನ 19). ಲೋಕದ ಪಾಪ ಹೊತ್ತಿದ್ದ ಹೊತ್ತಿನಲ್ಲೂ ಅಮ್ಮ ಎಲ್ಲಿರಬೇಕು ಅಂತ ಏರ್ಪಾಡು ಮಾಡಿದ. ಗೆರಸೇನರ ಸೀಮೆಯಲ್ಲಿ ದೆವ್ವ ಬಿಟ್ಟುಹೋದ ಮನುಷ್ಯ ನಿನ್ನ ಜೊತೆ ಬರುತ್ತೇನೆ ಅಂತ ಬೇಡಿಕೊಂಡಾಗ, ಬೇಡ, ನಿನ್ನ ಮನೆಗೆ ಹೋಗಿ ನಿನ್ನವರಿಗೆ ಹೇಳು ಅಂದ (ಮಾರ್ಕ 5:19). ಒಬ್ಬನಿಗೆ ಬಾ ಅಂದವನು ಇನ್ನೊಬ್ಬನಿಗೆ ಮನೆಗೆ ಹೋಗು ಅಂದ. ಎರಡೂ ಕರೆಯೇ. ಮನೆಯಲ್ಲಿ ಉಳಿದವನನ್ನು ಕರೆ ತಪ್ಪಿಸಿಕೊಂಡವನು ಅಂತ ನಮ್ಮ ಸಭೆಗಳು ನೋಡೋದನ್ನು ಬಿಡಬೇಕು.

ಹೆಸರಾಂತ ಮಿಷನರಿಗಳ ಮನೆಯ ಕಥೆಯನ್ನೂ ನಾವು ಪೂರ್ತಿ ಹೇಳುವುದಿಲ್ಲ. ವಿಲಿಯಂ ಕೇರಿ 1793ರಲ್ಲಿ ಭಾರತಕ್ಕೆ ಹೊರಟಾಗ ಹೆಂಡತಿ ಡೊರೊಥಿ ಮೊದಲು ಬರುವುದಿಲ್ಲ ಅಂದಿದ್ದರು. ಆಗ ಅವರು ತುಂಬು ಗರ್ಭಿಣಿ. ಹಡಗು ತಡವಾಯಿತು, ಮತ್ತೆ ಹೋಗಿ ಕೇಳಿದರು, ತಂಗಿ ಜೊತೆಗೆ ಬಂದರೆ ಬರುತ್ತೇನೆ ಅಂತ ಒಪ್ಪಿದರು. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆ ತಾಯಿಯ ಮನಸ್ಸು ಕದಡಿಹೋಯಿತು. 1807ರಲ್ಲಿ ಸಾಯುವ ತನಕ ಸರಿಹೋಗಲಿಲ್ಲ. ಕೇರಿಯವರ ಬೈಬಲ್ ಅನುವಾದಗಳಿಗಾಗಿ ದೇವರನ್ನು ಸ್ತುತಿಸುತ್ತೇನೆ. ಆದರೆ ಡೊರೊಥಿಯ ಹೆಸರು ಬಂದಾಗ ಒಂದು ನಿಮಿಷ ಸುಮ್ಮನಾಗುತ್ತೇನೆ.

ಲಿವಿಂಗ್‌ಸ್ಟನ್ 1852ರಲ್ಲಿ ಹೆಂಡತಿ ಮೇರಿಯನ್ನೂ ನಾಲ್ಕು ಮಕ್ಕಳನ್ನೂ ಆಫ್ರಿಕಾದಿಂದ ಬ್ರಿಟನ್‌ಗೆ ಕಳಿಸಿಬಿಟ್ಟರು. ಮತ್ತೆ ಮುಖ ನೋಡಿದ್ದು 1856ರಲ್ಲಿ. 1862ರಲ್ಲಿ ಮೇರಿ ಗಂಡನ ಬಳಿಗೆ ಬಂದು ಕೆಲವೇ ತಿಂಗಳಲ್ಲಿ ಜಾಂಬೇಜಿ ನದಿಯ ದಡದಲ್ಲಿ ಜ್ವರದಿಂದ ತೀರಿಕೊಂಡರು. ಅವರ ಹಿರಿಯ ಮಗ ರಾಬರ್ಟ್ ಅಮೆರಿಕದ ಅಂತರ್ಯುದ್ಧದಲ್ಲಿ ಸೆರೆಸಿಕ್ಕಿ 1864ರಲ್ಲಿ ಸತ್ತ. ಇದೆಲ್ಲ ಅವರನ್ನು ಹಳಿಯೋಕೆ ಹೇಳುತ್ತಿಲ್ಲ. ಆಗ ಹಡಗಿತ್ತು, ಕಾಗದ ತಿಂಗಳುಗಟ್ಟಲೆ ತಡವಾಗುತ್ತಿತ್ತು. ನಮಗೆ ಈಗ ದಾರಿಗಳು ಜಾಸ್ತಿ ಇವೆ, ಆದ್ದರಿಂದ ನಮ್ಮ ಹೊಣೆಯೂ ಜಾಸ್ತಿ.

ಇನ್ನೊಂದು ವಿಷಯ. ಅಂತಿಯೋಕ್ಯದಲ್ಲಿ ಬಾರ್ನಬ, ಸೌಲರನ್ನು ಸಭೆ ಉಪವಾಸ ಮಾಡಿ, ಕೈಯಿಟ್ಟು ಸೇವೆಗೆ ಕಳಿಸಿತು (ಅಪೊಸ್ತಲರ ಕೃತ್ಯಗಳು 13). ಕಳಿಸುವುದು ಅಂದರೆ ಹೋದವನ ಮನೆಯನ್ನು ಹೊರುವುದೂ ಸೇರಿದೆ ಅಂತ ನನ್ನ ನಂಬಿಕೆ. ನಮ್ಮ ಸಭೆಯಿಂದ ಒಬ್ಬರು ಹೋದಾಗ, ಅವರ ತಂದೆಯನ್ನು ನೋಡಿಕೊಳ್ಳೋಕೆ ಪಟ್ಟಿ ಮಾಡಿದೆವು. ದಿನಕ್ಕೊಂದು ಮನೆಯವರು. ಮೊದಲ ತಿಂಗಳು ಎಲ್ಲರೂ ಬಂದರು. ನಾಲ್ಕನೇ ತಿಂಗಳಿಗೆ ಇಬ್ಬರು ಉಳಿದರು. ಆ ಇಬ್ಬರೂ ವಯಸ್ಸಾದವರು. ನಾನು ಪಟ್ಟಿ ಮಾಡಿದವನು, ಆಮೇಲೆ ಅದರ ಕಡೆ ತಿರುಗಿ ನೋಡಲಿಲ್ಲ. ಆ ತಂದೆ ಒಂದು ಮಧ್ಯಾಹ್ನ ಬಚ್ಚಲಲ್ಲಿ ಬಿದ್ದು ಎರಡು ಗಂಟೆ ಅಲ್ಲೇ ಇದ್ದರು. ಆ ಮೇಲೆ ಕಾಣಿಕೆಯಿಂದ ತಿಂಗಳ ಸಂಬಳ ಕೊಟ್ಟು ಒಬ್ಬರನ್ನು ಇಟ್ಟೆವು. ವಾರಕ್ಕೊಮ್ಮೆ ಹೋಗಿ ವಿಚಾರಿಸುವ ಹೊಣೆ ಒಬ್ಬರ ಹೆಸರಿಗೇ ಬರೆದೆವು. ಹಿರಿಮಗ, ನಿಮ್ಮ ಸಭೆಯವರು "ನಾವೆಲ್ಲ ಇದ್ದೇವೆ" ಅಂದರೆ, ಯಾರು, ಯಾವ ವಾರ, ಎಷ್ಟು ಹೊತ್ತಿಗೆ ಅಂತ ಕೇಳಿ. ಸಂಕೋಚ ಬೇಡ.

ಮಿಷನರಿಮಗಳು:

ಎಲ್ಲರೂ ಅಜ್ಜಿಯ ಬಗ್ಗೆ ಮಾತಾಡುತ್ತಿದ್ದೀರಿ. 11 ವರ್ಷದ ಹುಡುಗಿಯ ಬಗ್ಗೆ ಒಂದೆರಡು ಮಾತು ಹೇಳಲಾ? ನಾನು 10ನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಹೋಗಿ 17ಕ್ಕೆ ವಾಪಸ್ ಬಂದವಳು.

ಹಿಂದೆ ಇದಕ್ಕಿಂತ ಕಷ್ಟವಿತ್ತು ಅಂತ ಗೊತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಕ್ಕಳನ್ನು ಚಿಕ್ಕ ವಯಸ್ಸಿಗೇ ಯೂರೋಪಿಗೆ ಕಳಿಸಿಬಿಡುತ್ತಿದ್ದರು, ಬಾಸೆಲ್‌ನಲ್ಲಿ ಅವರಿಗಾಗಿ ಒಂದು ಮಕ್ಕಳ ಮನೆಯೇ ಇತ್ತು. ನನ್ನನ್ನು ಜೊತೆಗೇ ಇಟ್ಟುಕೊಂಡರು, ಅದಕ್ಕೆ ಕೃತಜ್ಞಳು. ಆದರೂ ನನ್ನನ್ನು ಯಾರೂ ಕೇಳಲಿಲ್ಲ. ಒಂದು ಸಂಜೆ "ದೇವರು ನಮ್ಮನ್ನು ಕರೆದಿದ್ದಾನೆ" ಅಂದರು. ದೇವರೇ ಕರೆದ ಮೇಲೆ ಅಳೋದು ತಪ್ಪು ಅಂದುಕೊಂಡು ಅಳಲಿಲ್ಲ. ಆ ಅಳು ಹೊರಗೆ ಬಂದದ್ದು 24ನೇ ವಯಸ್ಸಿಗೆ. ಆಗ ಸಿಟ್ಟೆಲ್ಲ ದೇವರ ಮೇಲೇ ಹೋಯಿತು.

ಮಗಳಿಗೆ ಬೇಡ ಅನ್ನೋಕೆ, ಅಳೋಕೆ ಜಾಗ ಕೊಡಿ. ಅವಳು ಬೇಡ ಅಂದ ಮಾತ್ರಕ್ಕೆ ನೀವು ಹೋಗಬಾರದು ಅಂತಲ್ಲ. ಅಜ್ಜಿಗೆ, ಗೆಳತಿಯರಿಗೆ, ಅವಳ ಕೋಣೆಗೆ ಸರಿಯಾಗಿ ವಿದಾಯ ಹೇಳಲಿ. ಇಷ್ಟವಾದ ಒಂದು ವಸ್ತುವನ್ನು, ಎಷ್ಟೇ ದೊಡ್ಡದಾದರೂ, ಅವಳೇ ಆರಿಸಿ ತರಲಿ. ನನ್ನ ಹಳೇ ಕಂಬಳಿಯನ್ನು ತೂಕ ಜಾಸ್ತಿ ಅಂತ ಬಿಟ್ಟು ಬಂದರು. ಇವತ್ತಿಗೂ ನೆನಪಾಗುತ್ತದೆ.

ಹೊರಗೆಹನ್ನೆರಡುವರ್ಷ:

ಸಿಸ್ಟರ್, ಓದಿ ಈಗ ತಾನೇ ನನ್ನ ಮಗನಿಗೆ ಫೋನ್ ಮಾಡಿದೆ. ಅವನಿಗೆ 26. ಇದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಯುವಸಾಕ್ಷಿ:

ಉಳಿದವಳು ಅಕ್ಕ, ನನ್ನ ಅಕ್ಕನೂ ಮನೆಯಲ್ಲಿ ಅಜ್ಜನನ್ನು ನೋಡಿಕೊಳ್ಳುತ್ತಿದ್ದಾಳೆ. ನಾನು ಸೇವೆಗೆ ಹೊರಡಬೇಕು ಅಂತಿರುವವನು. ನಿಮ್ಮ ಮಾತನ್ನು ಎರಡು ಸಲ ಓದಿದೆ. ನನ್ನ ವಚನಗಳು ತಪ್ಪಲ್ಲ, ಆದರೆ ಅವನ್ನು ಬೇರೆಯವರ ತಲೆಯ ಮೇಲೆ ಹೊರಿಸಿದೆ ಅನಿಸುತ್ತಿದೆ. ಕ್ಷಮಿಸಿ.

ಹಿರಿಮಗ:

ಏಳು ವಾರ ಆಯಿತು. ಆದದ್ದನ್ನೆಲ್ಲ ಹೇಳಬೇಕು, ನಿಮ್ಮ ಪ್ರಾರ್ಥನೆ ಇದರಲ್ಲಿದೆ.

ತಂಗಿಯ ಮನೆಗೆ ಹೋದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. "ನೀನು ಬೇಡ ಅಂದರೆ ನಾನು ಹೋಗಲ್ಲ, ನಿಜ ಹೇಳು" ಅಂದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣ, ಅಪ್ಪನ ಕೊನೆಯ ಆರು ತಿಂಗಳು ನಾನೇ ನೋಡಿಕೊಂಡೆ. ನಿನಗೆ ಆಗ ಸಭೆಯ ಕೆಲಸ ಜಾಸ್ತಿ ಇತ್ತು. ಅದನ್ನು ನೀನು ಒಂದು ಸಲವೂ ಎತ್ತಿ ಆಡಲಿಲ್ಲ" ಅಂದಳು. ಹೌದು, ಆಡಿರಲಿಲ್ಲ. ಅಲ್ಲೇ ಕ್ಷಮೆ ಕೇಳಿದೆ. ಇಬ್ಬರೂ ಅತ್ತೆವು. ಅವಳು ಈಗ ಆಗಲ್ಲ ಅಂದಳು, ಕೂಸಿಗೆ ಎರಡು ವರ್ಷವಾದ ಮೇಲಾದರೆ ತಿಂಗಳಿಗೆ ಹತ್ತು ದಿನ ಅಮ್ಮ ನನ್ನ ಮನೆಯಲ್ಲಿರಲಿ ಅಂದಳು. ಅವಳಾಗಿಯೇ ಹೇಳಿದ್ದು.

ಶಾಲೆಯವರಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಕರೆ ಕೈತಪ್ಪುತ್ತದೆ ಅಂತ ಹೆದರಿಕೆಯಿತ್ತು. ಅವರು 14 ತಿಂಗಳು ಕಾಯೋಕೆ ಒಪ್ಪಿದ್ದಾರೆ. ಅಲ್ಲಿಯ ತನಕ ವಾರಕ್ಕೆರಡು ಸಂಜೆ ಇಲ್ಲಿಂದಲೇ ಆನ್‌ಲೈನ್ ಪಾಠ. ಒಂದು ಸಲ ಮೂರು ವಾರ ಹೋಗಿ ಬರುತ್ತೇನೆ. ಆ ಮೂರು ವಾರದಲ್ಲಿ ಇಲ್ಲಿ ಏನೇನು ಎಡವಟ್ಟಾಗುತ್ತದೋ ನೋಡೋಣ ಅಂತ ತಂಗಿಯೇ ಸೂಚಿಸಿದ್ದು. ಸಂಬಳಕ್ಕೆ ಒಬ್ಬರು ಸಹಾಯಕಿಯನ್ನು ಈಗಿನಿಂದಲೇ ಇಟ್ಟಿದ್ದೇವೆ, ನಾವು ಹೋಗುವ ಹೊತ್ತಿಗೆ ಅಮ್ಮನಿಗೆ ಹೊಂದಿಕೆಯಾಗಲಿ ಅಂತ. ಅದಕ್ಕೆ ಅರ್ಧ ಸಭೆ, ಅರ್ಧ ನಾವು. ಅಷ್ಟರಲ್ಲಿ ಅಮ್ಮನ ಸ್ಥಿತಿ ಕೆಟ್ಟರೆ ಹೋಗುವುದಿಲ್ಲ. ಅದನ್ನೂ ಶಾಲೆಯವರಿಗೆ ಬರೆದಿದ್ದೇನೆ.

ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ, ಅಜ್ಜಿಯ ಮಾತ್ರೆಯ ಹೊತ್ತನ್ನೆಲ್ಲ ತಾನೇ ಬಣ್ಣದ ಪೆನ್ನಿನಲ್ಲಿ ಬರೆದುಕೊಂಡು ಬಂದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಇನ್ನೂ ಒಪ್ಪಿಲ್ಲ. ಒಪ್ಪಲೇಬೇಕು ಅಂತ ಒತ್ತಾಯವೂ ಮಾಡಿಲ್ಲ.

ಅಮ್ಮನ ಜೊತೆ ಮತ್ತೆ ಕೂತೆ. "ನಿಜ ಹೇಳಮ್ಮ, ಅವತ್ತು ಯಾಕೆ ಗುಂಡಿ ಹಾಕೋಕೆ ಕರೆಯಲಿಲ್ಲ?" ಅಂದೆ. ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಹೋಗು ಅಂದಿದ್ದೂ ನಿಜ ಮಗನೇ. ಹೆದರಿಕೆ ಆಗಿದ್ದೂ ನಿಜ. ಎರಡನ್ನೂ ಹೇಳಿದರೆ ನೀನು ನಿಂತುಬಿಡ್ತೀಯ ಅಂತ ಒಂದನ್ನೇ ಹೇಳಿದೆ." ಈಗ ಎರಡನ್ನೂ ಹೇಳುತ್ತಾರೆ. ರಾತ್ರಿಯ ಪ್ರಾರ್ಥನೆಯಲ್ಲೂ ಎರಡನ್ನೂ ಹೇಳುತ್ತಾರೆ.

ದಾದಿ ಅಕ್ಕ, ಒಂದು ಕೇಳಬೇಕಿತ್ತು. ಸಹಾಯಕಿ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ಅಮ್ಮನ ದನಿ ಈಗ ತುಂಬಾ ಸಣ್ಣಗಾಗಿದೆ, ರಾತ್ರಿ ಕರೆದರೆ ಕೇಳಿಸುವುದಿಲ್ಲ. ಏನು ಮಾಡಬಹುದು?

ದಾದಿ:

ದನಿ ಸಣ್ಣಗಾಗೋದು ಈ ಕಾಯಿಲೆಯಲ್ಲಿ ಇದ್ದದ್ದೇ. ಮಾತಿನ ತರಬೇತಿ ಕೊಡುವವರು ಸಿಕ್ಕರೆ ಈಗಲೇ ಶುರು ಮಾಡಿಸಿ, ಸ್ವಲ್ಪ ಸುಧಾರಿಸುತ್ತದೆ. ರಾತ್ರಿಗೆ ತಂತಿಯಿಲ್ಲದ ಕರೆಗಂಟೆ ಸಿಗುತ್ತದೆ. ಗುಂಡಿ ಅಗಲವಾಗಿರುವುದನ್ನೇ ತನ್ನಿ, ಬೆರಳಲ್ಲಿ ಒತ್ತೋಕೆ ಆಗದಿದ್ದರೆ ಅಂಗೈಯಿಂದ ಒತ್ತಬಹುದು. ಅದನ್ನು ದಿಂಬಿನ ಪಕ್ಕ ಹಾಸಿಗೆಗೆ ಭದ್ರವಾಗಿ ಕಟ್ಟಿ, ಜಾರಿ ಬೀಳಬಾರದು. ಮೊದಲ ಒಂದು ವಾರ ಮಲಗುವ ಮುಂಚೆ ಅಮ್ಮನ ಕೈಯಲ್ಲೇ ಒಂದು ಸಲ ಒತ್ತಿಸಿ ನೋಡಿ.